ಸಿದ್ಧವಾಗಿದೆ, ಬಂದು ಒಯ್ಯಿರಿ

ನನ್ನ ಅಕ್ಕನ ಮನೆಗೆ ಹೋದವರು ಗಂಟೆ ಎಷ್ಟೆಂದು ತಿಳಿಯಬೇಕಾದರೆ ಎದುರು ಮನೆಯವರನ್ನು ಕೇಳಬೇಕು. ಮನೆಯಲ್ಲಿ ಗಡಿಯಾರ ಇಲ್ಲವೆಂದಲ್ಲ. ಇರುವುದೇ ತೊಂದರೆ. ಮುಂದಿನ ಕೋಣೆಯ ನಾಲ್ಕು ಗೋಡೆಗಳ ಮೇಲೆ, ಕಿಟಕಿಯ ಹಲಗೆಯ ಮೇಲೆ, ಸೋಫಾದ ಎರಡೂ ಕೈಗಳ ಮೇಲೆ, ಕೊನೆಗೆ ಸೋಫಾದಲ್ಲಿ ಮನುಷ್ಯರು ಕೂರಬೇಕಾದ ಜಾಗದಲ್ಲೂ ಗಡಿಯಾರಗಳೇ. ಒಂದು ಹತ್ತು ಹೊಡೆದು ಉಸಿರು ಬಿಡುವಷ್ಟರಲ್ಲಿ ಪಕ್ಕದ್ದು ಒಂಬತ್ತೂವರೆ ಎಂದು ಕೆಮ್ಮುತ್ತದೆ. ಮೂಲೆಯ ದೊಡ್ಡದು, ಮನೆಯ ಹಿರಿಯರ ಹಾಗೆ, ಎಲ್ಲರೂ ಸುಮ್ಮನಾದ ಮೇಲೆ ಗಂಟಲು ಸರಿಮಾಡಿಕೊಂಡು ತನ್ನದೇ ಒಂದು ಅಭಿಪ್ರಾಯ ಹೇಳುತ್ತದೆ.

ಇದೆಲ್ಲ ನನ್ನ ಭಾವನ ಕೃಪೆ. ಭಾವ ಗಡಿಯಾರ ರಿಪೇರಿಯವರು. ಬೀದಿಯಲ್ಲಿ ಅವರಿಗೆ ಗಂಟೆ ಡಾಕ್ಟ್ರು ಎಂದೇ ಹೆಸರು. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಬೆನ್ನಿಗೇ ಮನೆ. ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಒಬ್ಬ ಭಾವ ಹಿಡಿಸುವಷ್ಟು ಜಾಗ. ಆದ್ದರಿಂದ ವಾಸಿಯಾದ ಗಡಿಯಾರಗಳೆಲ್ಲ ಮನೆಯ ಮುಂದಿನ ಕೋಣೆಗೆ ಬಂದು, ಮಾಲೀಕರು ಬರುವ ತನಕ ಅಲ್ಲೇ ಬಿಡಾರ ಹೂಡುತ್ತವೆ.

ರಿಪೇರಿ ಮಾಡಿದ ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸುವುದೇಕೆ ಎಂದು ನಾನು ಒಮ್ಮೆ ಕೇಳಿದ್ದೆ. ಭಾವನದು ಒಂದು ವ್ರತವಿದೆಯಂತೆ. ಗಡಿಯಾರ ಬರುವಾಗ ಆ ಮನೆಯವರು ಅದನ್ನು ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಇಟ್ಟುಕೊಂಡಿದ್ದರೆಂದು ವಿಚಾರಿಸಿ, ಹಿಂದಿರುಗಿಸುವಾಗ ಸರಿಯಾಗಿ ಅಷ್ಟೇ ಮುಂದೆ ಹಿಂದೆ ಇಟ್ಟು ಕೊಡುತ್ತಾರೆ. "ಓಡಿಸೋದು ನನ್ನ ಕೆಲಸ ಕಣಯ್ಯ. ಹೊತ್ತು ಅವರವರ ಮನೆ ವಿಷಯ. ಅದರಲ್ಲಿ ನಾವು ತಲೆ ಹಾಕಬಾರದು" ಎಂದರು.

ಇನ್ನೊಂದು ವ್ರತ, ಏನನ್ನೂ ಬಿಸಾಡದಿರುವುದು. ಅವರ ಮೇಜಿನ ಮೇಲೆ ಗಾಜಿನ ಬಾಟಲಿಗಳ ಸಾಲಿದೆ. ಒಂದರಲ್ಲಿ ಸಣ್ಣ ತಿರುಪುಗಳು, ಒಂದರಲ್ಲಿ ಮುಳ್ಳುಗಳು, ಒಂದರಲ್ಲಿ ಹಲ್ಲು ಹೋದ ಚಕ್ರಗಳು. ಕೊನೆಯ ಬಾಟಲಿಗೆ ಅಂದವಾದ ಅಕ್ಷರದಲ್ಲಿ 'ಉಪಯೋಗಕ್ಕಿಲ್ಲ' ಎಂದು ಚೀಟಿ ಅಂಟಿಸಿದ್ದಾರೆ. ಎಲ್ಲಕ್ಕಿಂತ ಜತನದಿಂದ ಧೂಳು ಒರೆಸುವುದು ಆ ಬಾಟಲಿಯನ್ನೇ. ಹೊಸ ಕನ್ನಡಕ ಕೊಂಡರೆ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾರೆ. ಹೊಸದಕ್ಕೆ ಹುಷಾರು ತಪ್ಪಿದರೆ ಎಂದು. "ನನ್ನನ್ನೂ ಅದೇ ಲೆಕ್ಕದಲ್ಲಿ ಇಟ್ಟುಕೊಂಡಿದ್ದಾರೆ" ಎನ್ನುತ್ತಾಳೆ ಅಕ್ಕ.

ಅಕ್ಕ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದವಳು. ನಿವೃತ್ತಿಯಾದ ದಿನದಿಂದ ಅವಳಿಗೆ ಒಂದೇ ಆಸೆ: ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಪಾಠ ಹೇಳಬೇಕು. ಮಾರ್ಕ್ಸ್ ಇಲ್ಲ, ಪರೀಕ್ಷೆ ಇಲ್ಲ, ಮೇಷ್ಟ್ರುಗಳ ಮೀಟಿಂಗಿಲ್ಲ, ಬರೀ ಹಾಡು. ಕಲಿಯುವವರೂ ಸಿಕ್ಕಿದ್ದರು, ಎಲ್ಲರೂ ತಲೆ ನರೆತವರೇ. ಚಿಕ್ಕವರಿದ್ದಾಗ ನೀನು ಹಾಡಬೇಡ ಎನ್ನಿಸಿಕೊಂಡವರು. ಇದ್ದದ್ದು ಕೋಣೆಯ ತೊಂದರೆ ಮಾತ್ರ. ಒಂದು ಬೆಳಿಗ್ಗೆ ಗಡಿಯಾರಗಳ ನಡುವೆಯೇ ಹಾರ್ಮೋನಿಯಂ ಇಟ್ಟುಕೊಂಡು ಅಕ್ಕ ಹಾಡಿ ನೋಡಿದಳು. ಎಡಗೋಡೆ ಒಂದು ತಾಳ, ಬಲಗೋಡೆ ಇನ್ನೊಂದು, ಸೋಫಾದ್ದು ಮೂರನೆಯದು. ಹಾಡು ಎಲ್ಲಿ ಶುರುವಾಯಿತೋ ಅಲ್ಲಿಗೆ ವಾಪಸು ಬರಲೇ ಇಲ್ಲ. ಗಡಿಯಾರಗಳನ್ನು ನಿಲ್ಲಿಸಿ ಎಂದರೆ ಭಾವ ಒಪ್ಪುವುದಿಲ್ಲ. ನಿಂತರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದಂತೆ.

ಪಾಠ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಕೊನೆಗೆ ಅಕ್ಕ ಬರುವ ಸೋಮವಾರವೆಂದು ಎಲ್ಲರಿಗೂ ಹೇಳಿಬಿಟ್ಟಳು. ಇನ್ನೊಂದು ಸಲ ಮುಂದಕ್ಕೆ ಹಾಕಿದರೆ ಅವರೆಲ್ಲ ಹೊಲಿಗೆ ಕ್ಲಾಸಿಗೆ ಸೇರಿಕೊಳ್ಳುತ್ತಾರೆ, ಆಮೇಲೆ ತಾನು ಗಡಿಯಾರಗಳಿಗೇ ಪಾಠ ಹೇಳಬೇಕು ಎಂದು ನನ್ನೆದುರಿಗೇ ಭಾವನಿಗೆ ಎಚ್ಚರಿಕೆ ಕೊಟ್ಟಳು. ದನಿಯಲ್ಲಿ ತಮಾಷೆ ಇತ್ತು, ಕಣ್ಣಿನಲ್ಲಿ ಇರಲಿಲ್ಲ.

ಹಾಗಾದರೆ ಮಾಲೀಕರು ಯಾಕೆ ಬರುತ್ತಿಲ್ಲ? ಮೊದಲೆಲ್ಲ ಭಾವ ಫೋನು ಮಾಡಿ ಕರೆಯುತ್ತಿದ್ದರು. ಆದರೆ 'ನಿಮ್ಮ ಗಡಿಯಾರ ರೆಡಿ' ಎಂದು ಹೇಳಿ ಇಟ್ಟುಬಿಡುವ ಜಾಯಮಾನ ಅವರದಲ್ಲ. ಒಳಗಿನ ಸ್ಪ್ರಿಂಗು ಹೇಗೆ ಮುನಿಸಿಕೊಂಡಿತ್ತು, ಹಿಂದೆ ಯಾವ ಪುಣ್ಯಾತ್ಮ ಅದಕ್ಕೆ ಅಡುಗೆ ಎಣ್ಣೆ ಬಿಟ್ಟಿದ್ದ, ತಾವು ಯಾವ ಉಪಾಯದಿಂದ ಅದನ್ನು ಒಲಿಸಿಕೊಂಡರು, ಎಲ್ಲವೂ ಆಗಬೇಕು. ಬರಬರುತ್ತ ಗಿರಾಕಿಗಳು ಭಾವನ ನಂಬರು ಕಂಡರೆ ಫೋನೆತ್ತುವುದನ್ನೇ ಬಿಟ್ಟರು. ಆಗ ಅಕ್ಕನೇ ಪ್ರಿಂಟಿಂಗ್ ಮೇಡಂ ಹತ್ತಿರ ಹೋಗಿ ಒಂದು ಆ್ಯಪ್ ಮಾಡಿಸಿಕೊಂಡು ಬಂದಳು. ಪ್ರಿಂಟಿಂಗ್ ಮೇಡಂ ಅಂದರೆ ಅದೇ ಬೀದಿಯ ತುದಿಯಲ್ಲಿ ಮೊದಲು ವಿಸಿಟಿಂಗ್ ಕಾರ್ಡು ಅಚ್ಚು ಹಾಕುತ್ತಿದ್ದು, ಕಾಲ ಬದಲಾದ ಮೇಲೆ ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುತ್ತಿರುವಾಕೆ. ಆ್ಯಪಿನಲ್ಲಿ ಗಿರಾಕಿಯ ಹೆಸರು, ಈಮೇಲು, ವಸ್ತು ಬರೆದಿಟ್ಟರಾಯಿತು. ಕೆಲಸ ಮುಗಿದ ಮೇಲೆ 'ಸಿದ್ಧ' ಎಂಬ ಗುಂಡಿ ಒತ್ತಿದರೆ ಅಂಗಡಿಯ ಹೆಸರಿನಲ್ಲಿ ಒಂದು ಈಮೇಲು ಹೋಗುತ್ತದೆ: ಸಿದ್ಧವಾಗಿದೆ, ಬಂದು ಒಯ್ಯಿರಿ.

ಭಾವ ಗುಂಡಿ ಒತ್ತಿದರು. ಒತ್ತುತ್ತಲೇ ಹೋದರು. ಒಬ್ಬರೂ ಬರಲಿಲ್ಲ. ಜನಕ್ಕೆ ಕಾಲದ ಮೇಲೆ ಗೌರವವೇ ಹೋಗಿದೆ ಎಂದು ಭಾವ ತೀರ್ಮಾನಿಸಿ, ಆ ಬಗ್ಗೆ ನನಗೆ ಸಾಕಷ್ಟು ಉಪನ್ಯಾಸವನ್ನೂ ಕೊಟ್ಟರು. ಹೊರಗೆ ತತ್ವಜ್ಞಾನ, ಒಳಗೆ ಬೇಜಾರು. ಕಣ್ಣಲ್ಲಿ ಕಣ್ಣಿಟ್ಟು ವಾಸಿ ಮಾಡಿದ್ದನ್ನು ಯಾರೂ ಕೇಳಲೂ ಬರದಿದ್ದರೆ ಯಾರಿಗಾದರೂ ನೋಯುತ್ತದೆ.

ಗುಟ್ಟು ಬಯಲಾದದ್ದು ಒಬ್ಬ ರಿಟೈರ್ಡ್ ಬಸ್ ಕಂಡಕ್ಟರಿಂದ. ಅವರು ಸಿಟ್ಟಿನಿಂದಲೇ ಮುಂದಿನ ಕೋಣೆಗೆ ಬಂದು, ನಮ್ಮಪ್ಪನ ಗಡಿಯಾರ ಇನ್ನೂ ಆಗಲಿಲ್ಲವೇ, ಕಾದು ಕಾದು ಸಾಕಾಯಿತು ಎಂದು ಶುರುಮಾಡಿದರು. ಅವರ ತಲೆಯ ಮೇಲೆಯೇ ಒಂದು ಗಡಿಯಾರ ಢಣ್ ಎಂದಿತು.

"ಅದೇ ನಿಮ್ಮದು" ಎಂದರು ಭಾವ. "ಆಗಿ ಎಷ್ಟು ದಿನ ಆಯ್ತು. ಮೇಲ್ ಹಾಕಿದ್ದೆನಲ್ಲ."

"ಯಾವ ಮೇಲು? ಯಾರಿಗೆ ಹಾಕಿದ್ರಿ?"

ನಾನು ಅಲ್ಲೇ ಇದ್ದೆ. ಅವರ ಫೋನು ಇಸಿದುಕೊಂಡು ಹುಡುಕಿದೆ. ಸ್ಪ್ಯಾಮ್ ಎಂಬ ಕಸದ ಪೆಟ್ಟಿಗೆಯಲ್ಲಿ, ಬೋಳು ತಲೆಗೆ ಕೂದಲು ಬರಿಸುವ ಎಣ್ಣೆಗೂ, ತನ್ನ ಆಸ್ತಿಗೆ ವಾರಸುದಾರರನ್ನು ಹುಡುಕುತ್ತಿರುವ ಯಾವನೋ ರಾಜಕುಮಾರನಿಗೂ ನಡುವೆ, ಭಾವನ ಕಾಗದ ಬಡಪಾಯಿಯಂತೆ ಕೂತಿತ್ತು. ಭಾವ ಕನ್ನಡಕ ಬದಲಿಸಿ ನೋಡಿದರು. ಮತ್ತೆ ಹಳೆಯ ಕನ್ನಡಕ ಹಾಕಿ ನೋಡಿದರು. "ನನ್ನನ್ನ ಇವರ ಜೊತೆ ಕೂರಿಸಿದ್ದಾರೆ" ಎಂದು ಮೆಲ್ಲಗೆ ಹೇಳಿದರು. ಕಂಡಕ್ಟರು ಕರಗಿ ನೀರಾಗಿ, ಗಡಿಯಾರವನ್ನು ಕಂಕುಳಲ್ಲಿ ಇರಿಸಿಕೊಂಡು, ಸ್ಪ್ರಿಂಗಿನ ಕತೆಯನ್ನು ನಿಂತೇ ಪೂರ್ತಿ ಕೇಳಿ ಹೋದರು.

ಪ್ರಿಂಟಿಂಗ್ ಮೇಡಂ ಬಂದು ವಿಷಯ ಬಿಡಿಸಿ ಹೇಳಿದರು. ಯಾರೋ ಗುರುತಿಲ್ಲದವರು ನಿಮ್ಮ ಮನೆ ಬಾಗಿಲಿಗೆ ಬಂದು, ಗಂಟೆ ಡಾಕ್ಟ್ರು ಕಳಿಸಿದ್ದಾರೆ ಎಂದರೆ ನೀವು ನಂಬುತ್ತೀರಾ? ಈಮೇಲ್ ತಲುಪಿಸುವ ಕಂಪ್ಯೂಟರುಗಳೂ ಹಾಗೆಯೇ. ಅಂಗಡಿಯ ಹೆಸರಿನಲ್ಲಿ ಕಾಗದ ಬಂದರೆ, ಆ ಹೆಸರಿನ ಯಜಮಾನರು ಇವರಿಗೆ ಅಪ್ಪಣೆ ಕೊಟ್ಟಿದ್ದಾರೋ ಇಲ್ಲವೋ ಎಂದು ವಿಚಾರಿಸುತ್ತವೆ. ವಿಚಾರಿಸುವ ಜಾಗಕ್ಕೆ ಡಿಎನ್‌ಎಸ್ ಎನ್ನುತ್ತಾರೆ. ಮನೆ ಗೇಟಿಗೆ ತಗುಲಿಸಿದ ಬೋರ್ಡು ಅಂದುಕೊಳ್ಳಿ, ಆ ಕಂಪ್ಯೂಟರುಗಳು ಬಂದು ಓದಿಕೊಳ್ಳುತ್ತವೆ. ಅಂಗಡಿಯ ಡೊಮೇನ್ ಹೆಸರು, ಅಂದರೆ ಇಂಟರ್‌ನೆಟ್ಟಿನ ವಿಳಾಸ, ಕೊಂಡ ಕಂಪನಿಯ ವೆಬ್‌ಸೈಟಿನ ಒಳಗೆ ಹೋಗಿ ಆ ಬೋರ್ಡಿನ ಮೇಲೆ ಮೂರು ಸಾಲು ಬರೆಯಬೇಕು. ಎಸ್‌ಪಿಎಫ್ ಎಂಬ ಸಾಲು ನಮ್ಮ ಹೆಸರಲ್ಲಿ ಕಾಗದ ಒಯ್ಯುವ ಹಕ್ಕು ಯಾರಿಗಿದೆ ಎಂದು ಹೇಳುತ್ತದೆ. ಡಿಕಿಮ್ ನಮ್ಮ ಮೊಹರಿನ ಗುರುತು. ಡಿಮಾರ್ಕ್ ಎಂದರೆ ನಮ್ಮ ಹೆಸರು ಹೇಳಿಕೊಂಡು ಬರುವ ಕಳ್ಳರನ್ನು ಏನು ಮಾಡಬೇಕೆಂಬ ಸೂಚನೆ. ಮೇಡಂ ಒಂದು ಹೊಸ ಮೇಲ್ ಕಂಪನಿಯನ್ನು ಗೊತ್ತು ಮಾಡಿದ್ದರು. ಅವರದು ಕಟ್ಟುನಿಟ್ಟು, ಮೂರು ಸಾಲಿಗೂ ಹಸಿರು ಗುರುತು ಬೀಳುವ ತನಕ ಒಂದೇ ಒಂದು ಕಾಗದವನ್ನೂ ಸಾಗಿಸುವುದಿಲ್ಲ.

"ಪಾಸ್‌ವರ್ಡ್ ಕೊಡಿ ಸಾರ್, ನಾನೇ ಹಾಕಿಬಿಡ್ತೀನಿ" ಎಂದರು ಮೇಡಂ.

"ನಿಮ್ಮ ಹಲ್ಲುಜ್ಜೋ ಬ್ರಷ್ಷು ಇನ್ನೊಬ್ಬರಿಗೆ ಕೊಡ್ತೀರೇನಮ್ಮ?" ಎಂದರು ಭಾವ.

ಮೇಡಂ ಸಾಲುಗಳನ್ನು ಕಳಿಸಿ, ಕೈ ಮುಗಿದು ಹೋದರು. ಆ ಪಾಸ್‌ವರ್ಡ್ ಅಕ್ಕನಿಗೂ ಗೊತ್ತಿಲ್ಲ. ಹೀಗಾಗಿ ಭಾವನ ಸಹಾಯಕ್ಕೆ ನಾನು ನೇಮಕವಾದೆ. ನಾನು ಲೇಖನಗಳನ್ನು ಒಂದೇ ಬೆರಳಿನಲ್ಲಿ ಟೈಪು ಮಾಡುತ್ತೇನೆ. ಅಷ್ಟಕ್ಕೇ ನಮ್ಮ ಕುಟುಂಬದಲ್ಲಿ ನನ್ನನ್ನು ಕಂಪ್ಯೂಟರ್ ಬಲ್ಲವನೆಂದು ಕರೆಯುತ್ತಾರೆ. ಹಾಳೂರಿಗೆ ಉಳಿದವನೇ ಗೌಡ.

ಮೊದಲು ಹಿಡಿದ ಡಿಕಿಮ್ ಸಾಲಿಗೇ ಎಡವಿದೆವು. 'ಹೆಸರು' ಎಂಬ ಚೌಕದಲ್ಲಿ ಭಾವ ಮೊಹರಿನ ಹೆಸರಿನ ಜೊತೆಗೆ ಅಂಗಡಿಯ ಪೂರ್ತಿ ಹೆಸರನ್ನೂ ಮರ್ಯಾದೆಯಿಂದ ಬರೆದರು. ಆ ಚೌಕವೋ, ಅಂಗಡಿಯ ಹೆಸರನ್ನು ತಾನೇ ಕೊನೆಗೆ ಸೇರಿಸಿಕೊಳ್ಳುವ ಜಾತಿಯದು. ಎರಡೆರಡು ಸಲ ಮನೆತನ ಹೇಳಿಕೊಂಡ ಸಾಲನ್ನು ಯಾರೂ ಗುರುತಿಸಲಿಲ್ಲ. ಮೇಡಂ ಫೋನಿನಲ್ಲಿ, ಬರೀ ಮೊದಲ ತುಂಡು ಸಾಕು ಸಾರ್ ಎಂದ ಮೇಲೆ ತಿದ್ದಿದೆವು. ಮೊಹರು ಹಸಿರಾಯಿತು.

ಡಿಮಾರ್ಕಿಗೆ ಮೂರು ದಾರಿ: ಕಳ್ಳ ಕಾಗದವನ್ನು ಸುಮ್ಮನೆ ಬಿಡುವುದು, ಪಕ್ಕಕ್ಕೆ ಕೂರಿಸುವುದು, ಓಡಿಸುವುದು. ಭಾವ ಸ್ವಲ್ಪವೂ ಯೋಚಿಸದೆ ಸುಮ್ಮನೆ ಬಿಡುವುದೆಂದರು. "ಓಡಿಸಿ ಅನ್ನಿ. ಬಂದದ್ದನ್ನೆಲ್ಲ ಇರ್ಲಿ ಇರ್ಲಿ ಅಂದೇ ನನ್ನ ರೂಮು ಹೋಯ್ತು" ಎಂದು ಅಡುಗೆಮನೆಯಿಂದ ದನಿ ಬಂತು. ಸದ್ಯಕ್ಕೆ ಸುಮ್ಮನೆ ಬಿಡುವುದೇ ಸರಿ, ಎಲ್ಲ ಸರಿಹೋದ ಮೇಲೆ ಬಿಗಿ ಮಾಡಬಹುದು ಎಂದು ಮೇಡಂ ಕೂಡ ಹೇಳಿದ್ದರಿಂದ ಭಾವ ಆ ದಿನ ಒಂದು ಪಂದ್ಯ ಗೆದ್ದರು. ಅದೂ ಹಸಿರಾಯಿತು.

ಎಸ್‌ಪಿಎಫ್ ಮಾತ್ರ ಕೆಂಪಗೆ ಕಣ್ಣು ಬಿಟ್ಟುಕೊಂಡು ಕೂತಿತು.

ಬದಲಾವಣೆ ಲೋಕಕ್ಕೆಲ್ಲ ಹರಡಲು ಹೊತ್ತು ಹಿಡಿಯುತ್ತದೆ, ಕಾಯಿರಿ ಎಂದು ಮೇಡಂ ಹೇಳಿದ್ದರು. ಕಾಯುವುದೆಂದರೆ ಭಾವನಿಗೆ ಹಬ್ಬ. ಶನಿವಾರ ಪೂರ್ತಿ ಕಾದೆವು. ಕೆಂಪು ಕದಲಲಿಲ್ಲ. ಭಾವ ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪರದೆಗೆ ಮೂಗು ತಾಗಿಸಿ, ಮೇಡಂ ಕಳಿಸಿದ ಸಾಲಿನೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡಿದರು. ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ, ಅಕ್ಷರಗಳೆಲ್ಲ ಸರಿ ಇವೆ, ಆದರೆ ಒಳಗೆ ಸಣ್ಣ ಸಣ್ಣ ಕೆಂಪು ಹಸಿರು ನೀಲಿ ಚುಕ್ಕಿಗಳಿವೆ, ಅದೇ ರೋಗವಿರಬಹುದು ಎಂದರು. ನಾನೂ ಸಿಕ್ಕಿಸಿಕೊಂಡು ನೋಡಿ, ಇರಬಹುದು ಎಂದೆ.

ಗಿರಾಕಿಗಳಿಗೆ ಫೋನೇ ಮಾಡಿಬಿಡೋಣ ಎಂದು ನಾನು ಒಂದು ದಾರಿ ಹೇಳಿದೆ. ಆ್ಯಪಿನಲ್ಲಿ ಇರುವುದು ಬರೀ ಈಮೇಲು. ಹಳಬರ ನಂಬರು ಕೆಲವು ಭಾವನ ಫೋನಿನಲ್ಲಿದ್ದವು. ಭಾವ ಉತ್ಸಾಹದಿಂದ ಒಬ್ಬರಿಗೆ ಹಚ್ಚಿದರು. ಆ ಮನುಷ್ಯ ಮೈಮರೆತು ಎತ್ತಿಬಿಟ್ಟರು. ನಾವು ಊಟ ಮುಗಿಸಿ ಕೈ ತೊಳೆದುಕೊಂಡು ಬಂದಾಗ ಭಾವ ಇನ್ನೂ ಅಡುಗೆ ಎಣ್ಣೆಯ ಹತ್ತಿರವೇ ಇದ್ದರು. ಅಕ್ಕ ಫೋನು ಕಸಿದುಕೊಂಡು ಕಪಾಟಿನಲ್ಲಿಟ್ಟಳು.

ಭಾನುವಾರ ಮೇಡಂ, ಪರದೆಯದೊಂದು ಫೋಟೋ ತೆಗೆದು ಕಳಿಸಿ ಎಂದರು. ಭಾವನಿಗೆ ಧರ್ಮಸಂಕಟ. ಅದು ಅಂಗಡಿಯ ಒಳಮನೆ, ಅಲ್ಲಿ ಏನೇನಿರುತ್ತದೋ, ಹೊರಗಿನವರಿಗೆ ತೋರಿಸುವುದೇ? ಕೊನೆಗೆ ಗಾಜು ಒರೆಸುವ ಹಳದಿ ಬಟ್ಟೆಯನ್ನು ಪರದೆಯ ಮೇಲೆ ಹೊದಿಸಿ, ಎಸ್‌ಪಿಎಫ್ ಸಾಲೊಂದೇ ಇಣುಕುವಂತೆ ಅಂಚನ್ನು ನಾಜೂಕಾಗಿ ಮಡಚಿದರು. ನಾನು ಫೋಟೋ ತೆಗೆದೆ. ಸೆರಗಿನ ಮುಸುಕಿನೊಳಗಿಂದ ಮೂಗುಬೊಟ್ಟು ಮಾತ್ರ ಕಂಡ ಹಾಗಿತ್ತು. ಮೇಡಂ ನೋಡಿ, ಸರಿಯಾಗಿಯೇ ಇದೆಯಲ್ಲ, ಯಾಕೋ ತಿಳಿಯುತ್ತಿಲ್ಲ ಎಂದು ಕೈಚೆಲ್ಲಿದರು.

ಮಧ್ಯಾಹ್ನ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಫೋನು. ನಾಳೆ ಬೇಡ ಎಂದು ಎಲ್ಲರಿಗೂ ಹೇಳಿಬಿಡಲೇ ಎಂದು ಕೇಳಿದಳು. ಬೈಯಲಿಲ್ಲ. ಅವಳು ಬೈದಿದ್ದರೇ ಚೆನ್ನಾಗಿತ್ತು. ಭಾವ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಂದು ಗಳಿಗೆ ತಾಳು ಎಂದರು.

"ಅದೇನ್ರೀ ಅದು, ಕಂಪ್ಯೂಟರಿಗೆ ಮುಸುಕು?"

ಭಾವ ತಡೆಯುವಷ್ಟರಲ್ಲಿ ಅಕ್ಕ ಬಟ್ಟೆ ಎಳೆದಿದ್ದಳು. ನಮ್ಮ ಸಾಲಿನ ಕೆಳಗೇ ಇನ್ನೊಂದು ಸಾಲಿತ್ತು. ಅದೂ ಎಸ್‌ಪಿಎಫ್ ಎಂದೇ ಶುರುವಾಗುತ್ತಿತ್ತು.

"ಇದು ಯಾರು?"

"ಅದು ಹಳೇದು ಕಣೇ. ಅಂಗಡಿಗೆ ಮೊದಲಿಂದ ಮೇಲ್‌ಬಾಕ್ಸ್ ಕೊಟ್ಟಿರೋ ಕಂಪನಿಯವರದು. ಹೊಸದು ಬಂತು ಅಂತ ತೆಗೆದು ಬಿಸಾಕೋಕೆ ಆಗುತ್ತಾ? ಪಾಪ, ಇಷ್ಟು ವರ್ಷ ದುಡಿದಿದೆ. ಪಕ್ಕದಲ್ಲಿ ಇರ್ಲಿ ಅಂತ ಬಿಟ್ಟೆ."

ಅಕ್ಕ ಮೇಡಂಗೆ ಫೋನು ಹಚ್ಚಿ, ದನಿ ಎಲ್ಲರಿಗೂ ಕೇಳುವಂತೆ ಮಾಡಿದಳು. ಎಸ್‌ಪಿಎಫ್ ಸಾಲು ಎರಡಿವೆ ಎಂದಳು.

"ಅಯ್ಯೋ ಅಮ್ಮ, ಒಂದು ಹೆಸರಿಗೆ ಒಂದೇ ಇರಬೇಕು" ಎಂದರು ಮೇಡಂ. "ಎರಡಿದ್ರೆ ಯಾವುದು ನಿಜ ಅಂತ ಅವರು ನೋಡೋಕೇ ಹೋಗಲ್ಲ. ಎರಡನ್ನೂ ನಂಬಲ್ಲ."

ಅಕ್ಕ ತಿರುಗಿ ಮುಂದಿನ ಕೋಣೆಯ ಕಡೆ ನೋಡಿದಳು. ಅಲ್ಲಿ ಒಂದು ಮೂರು ಹೊಡೆಯಿತು. ಇನ್ನೊಂದು ಅದನ್ನು ಖಂಡಿಸಿತು.

"ನೋಡಿದ್ರಾ" ಎಂದಳು. "ನಾನು ಗಂಟೆ ಕೇಳೋಕೆ ಎದುರು ಮನೆಗೆ ಹೋಗೋದು ಯಾಕೆ ಅಂತ ಈಗಲಾದ್ರೂ ಗೊತ್ತಾಯ್ತಾ?"

ಭಾವನ ಮುಖ ಸಣ್ಣದಾಯಿತು. ಹಾಗಾದರೆ ಹಳೆಯದನ್ನು ಅಳಿಸಲೇಬೇಕೇ ಎಂದು ಕೇಳಿದ ದನಿ, ಮನೆಯ ನಾಯಿಯನ್ನು ಯಾರಿಗಾದರೂ ಕೊಡಬೇಕೇ ಎಂದು ಕೇಳುವ ದನಿಯಾಗಿತ್ತು. ಬರೀ ಅಳಿಸಿದರೆ ಆಗದು ಎಂದರು ಮೇಡಂ. ಅಂಗಡಿಯ ಮಾಮೂಲಿ ಮೇಲು ಹೋಗುವುದು ಆ ಹಳೆಯ ಕಂಪನಿಯಿಂದಲೇ, ಅದಕ್ಕೂ ಅಪ್ಪಣೆ ಇರಬೇಕು. ಆದ್ದರಿಂದ ಹಳೆಯವರ ಹೆಸರನ್ನು ತಂದು ಹೊಸ ಸಾಲಿನೊಳಗೇ ಸೇರಿಸಿ, ಆಮೇಲೆ ಹಳೆಯ ಸಾಲನ್ನು ತೆಗೆಯಿರಿ. ಇಬ್ಬರೂ ಇರುತ್ತಾರೆ, ಒಂದೇ ಸಾಲಿನಲ್ಲಿ.

ಭಾವನ ಮುಖ ಅರಳಿದ್ದನ್ನು ನಾನು ಅನೇಕ ಸಲ ನೋಡಿದ್ದೇನೆ, ನಿಂತ ಗಡಿಯಾರ ಮೊದಲ ಸಲ ಟಿಕ್ ಎಂದಾಗ. ಈಗಲೂ ಹಾಗೇ ಅರಳಿತು. "ಅಂದ್ರೆ ಹಳೇ ಚಕ್ರ ಹೊಸ ಪೆಟ್ಟಿಗೆಗೆ ಹಾಕೋದು. ಇಷ್ಟೇ ತಾನೆ. ಮೊದಲೇ ಹೇಳಬಾರದಿತ್ತೇ?" ಎಂದು ಮೇಡಂ ಅವರನ್ನೇ ಗದರಿದರು. ಹಳೆಯ ಹೆಸರನ್ನು ಎತ್ತಿ ಹೊಸ ಸಾಲಿನ ನಡುವೆ ಕೂರಿಸಿದರು. ಆಮೇಲೆ, ಅಳಿಸಬೇಕಾದ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಚೀಟಿಯನ್ನು ಸುರುಳಿ ಸುತ್ತಿ 'ಉಪಯೋಗಕ್ಕಿಲ್ಲ' ಬಾಟಲಿಯೊಳಗೆ ಇಳಿಸಿ, ಮುಚ್ಚಳ ತಿರುಗಿಸಿದ ಮೇಲೆಯೇ ಅಳಿಸಿದರು. ಅಕ್ಕ ನೋಡಿಯೂ ನೋಡದವಳಂತೆ ಇದ್ದಳು.

ಟೀ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಮೂರನೆಯದೂ ಹಸಿರಾಗಿತ್ತು. ಭಾವ ಆ್ಯಪಿನಲ್ಲಿ ಒಬ್ಬೊಬ್ಬರ ಹೆಸರು ತೆಗೆದು, ಮತ್ತೊಮ್ಮೆ 'ಸಿದ್ಧ', 'ಸಿದ್ಧ' ಎಂದು ಒತ್ತುತ್ತ ಹೋದರು. ಒತ್ತುವಾಗ ಪ್ರತಿಯೊಂದರ ಕಾಯಿಲೆಯನ್ನೂ ನನಗೆ ಹೇಳಿದರು. ಕೇಳಿದೆ. ಕಂಡಕ್ಟರು ಕೇಳಿರಲಿಲ್ಲವೇ.

ಸೋಮವಾರ ಬೆಳಿಗ್ಗೆ ನಾನು ಹೋದಾಗ ಅಂಗಡಿಯ ಮುಂದೆ ಸಾಲು ಇತ್ತು. ಬೇಕರಿಯಾಕೆ ಕೈಗೆ ಅಂಟಿದ ಹಿಟ್ಟಿನೊಂದಿಗೇ ಬಂದಿದ್ದರು. ಜಗಳವಾಡಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಒಂದೇ ಗಡಿಯಾರಕ್ಕೆ ಬೇರೆ ಬೇರೆಯಾಗಿ ಬಂದು, ಎತ್ತಲು ಭಾರವಾದ್ದರಿಂದ ಒಟ್ಟಿಗೇ ಹೊತ್ತುಕೊಂಡು ಹೋದರು. ಹಾಡು ಕಲಿಯಲು ಬಂದವರೂ ಸೇರಿಕೊಂಡು ಗೋಡೆಯಿಂದ ಇಳಿಸಿ ಕೊಟ್ಟರು. ಭಾವ ಬಾಗಿಲಲ್ಲಿ ನಿಂತು ಎಲ್ಲರಿಗೂ ಕತೆ ಹೇಳಿದರು. ಅಕ್ಕ ಪಕ್ಕದಲ್ಲೇ ನಿಂತು ಎಲ್ಲ ಕತೆಗಳನ್ನೂ ಅರ್ಧಕ್ಕೆ ಮುಗಿಸಿದಳು. ಒಂದೊಂದು ಗಡಿಯಾರ ಹೋದ ಹಾಗೆಲ್ಲ ಕೋಣೆಯ ಸದ್ದು ಒಂದೊಂದು ಎಳೆ ಕಡಿಮೆಯಾಗುತ್ತ, ಕೊನೆಗೆ ಮೂಲೆಯ ಹಿರಿಯರೂ ಹೊರಟರು. ಗೋಡೆಯ ಮೇಲೆ ದುಂಡು ದುಂಡಗೆ ಬಿಳಿಚಿದ ಕಲೆಗಳು ಉಳಿದವು. ಭಾವ ಮದುವೆ ಮುಗಿದ ಮನೆಯ ಯಜಮಾನನಂತೆ ಸುತ್ತ ಒಮ್ಮೆ ನೋಡಿ ಅಂಗಡಿಗೆ ಹೋದರು.

ಅಕ್ಕ ಜಮಖಾನ ಹಾಸಿ ಹಾರ್ಮೋನಿಯಂ ಇಡುತ್ತಿದ್ದಾಗ ಅವಳ ಫೋನು ಟಿಂಗ್ ಎಂದಿತು. ನೋಡಿದಳು. ಮತ್ತೆ ನೋಡಿದಳು. ನನ್ನ ಕೈಗೆ ಕೊಟ್ಟಳು. ಅಂಗಡಿಯ ಹೆಸರಿನಿಂದ ಬಂದ ಈಮೇಲು, ಎಲ್ಲಕ್ಕಿಂತ ಮೇಲೆ, ಸಂಭಾವಿತರ ಸಾಲಿನಲ್ಲೇ ಕೂತಿತ್ತು.

'ಮಾನ್ಯ ಗ್ರಾಹಕರೇ, ತಾವು ನಮ್ಮಲ್ಲಿ ಬಿಟ್ಟಿದ್ದ ವಸ್ತು: ಮುಂದಿನ ಕೋಣೆ. ಸಿದ್ಧವಾಗಿದೆ, ಬಂದು ಒಯ್ಯಿರಿ.'

ಕೆಳಗೆ ಆ್ಯಪ್ ತಾನಾಗಿಯೇ ಸೇರಿಸುವ ಸಾಲು: ಸಕಾಲದಲ್ಲಿ ಒಯ್ಯದಿದ್ದರೆ ಅಂಗಡಿ ಜವಾಬ್ದಾರಿಯಲ್ಲ.

ಅಕ್ಕ ಅಂಗಡಿಯ ಕಡೆಗೊಮ್ಮೆ ಇಣುಕಿದಳು. ಭಾವ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಖಾಲಿ ಪೆಟ್ಟಿಗೆಯನ್ನು ಬಹಳ ಗಂಭೀರವಾಗಿ ಪರೀಕ್ಷಿಸುತ್ತಿದ್ದರು. ಅವಳು ನನ್ನ ಕೈಯಿಂದ ಫೋನು ವಾಪಸು ತೆಗೆದುಕೊಂಡಳು. ನನ್ನ ಹೆಗಲು ಹಿಡಿದು ಮೆಲ್ಲಗೆ ಹೊರಕ್ಕೆ ದಬ್ಬಿ, ಬಾಗಿಲು ಹಾಕಿಕೊಂಡಳು. ಒಳಗೆ ಹಾರ್ಮೋನಿಯಂ ಒಂದು ಸ್ವರ ಹಿಡಿಯಿತು. ಅದರ ಮೇಲೆ ಅಕ್ಕನ ದನಿ ಏರಿತು, ಆಮೇಲೆ ಅದರ ಹಿಂದೆ ತಡಕಾಡುತ್ತ ನಾಲ್ಕು ನರೆತ ದನಿಗಳು. ಯಾವ ಗೋಡೆಯೂ ಅಡ್ಡ ಮಾತನಾಡಲಿಲ್ಲ.

ಭಾವ ಕೈ ಕೆಲಸ ನಿಲ್ಲಿಸಿ ಕೇಳುತ್ತ ಕೂತರು. ನಾನೂ ಕೂತೆ. ನನಗೆ ಬಸ್ಸು ಹಿಡಿಯಬೇಕಾಗಿತ್ತು.

"ಗಂಟೆ ಎಷ್ಟು ಭಾವ?" ಎಂದೆ.

ಭಾವ ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದರು. ಮೇಜು ನೋಡಿದರು. ಬಾಟಲಿಗಳ ಸಾಲು ನೋಡಿದರು.

"ಎದುರು ಮನೇಲಿ ಕೇಳು" ಎಂದರು.